ಮೂರು ಪಂದ್ಯಗಳ ಆಚೆಯ ಮಿಸಾಕಾ

ಜಪಾನಿ ಮೂಲದ ವಟಾರು ಮಿಸಾಕಾ ಅವರ ಹೆಸರು ಅಮೆರಿಕದ ಬಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಒಂದೇ ಬಿರುದಿನ ಆಸರೆಯಲ್ಲಿ ಉಳಿದುಕೊಂಡಿದೆ: ಎನ್‌ಬಿಎಯ ಮೊದಲ ಬಿಳಿಯೇತರ ಆಟಗಾರ. 1947ರಲ್ಲಿ ನ್ಯೂಯಾರ್ಕ್ ನಿಕ್ಸ್ ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. ಮೂರು ಪಂದ್ಯಗಳಲ್ಲಿ ಅವರು ಗಳಿಸಿದ್ದು ಏಳು ಅಂಕ. ಅಷ್ಟಕ್ಕೇ ತಂಡ ಅವರನ್ನು ಕೈಬಿಟ್ಟಿತು. ಜಾಕಿ ರಾಬಿನ್‌ಸನ್ ಬೇಸ್‌ಬಾಲ್‌ನ ವರ್ಣಗೋಡೆ ಒಡೆದ ವರ್ಷವೇ ಇದು ನಡೆದದ್ದರಿಂದ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುವುದು ರೂಢಿಯಾಗಿದೆ. ಈ ಹೊಗಳಿಕೆ ಮಿಸಾಕಾರಿಗೆ ಉಪಕಾರಕ್ಕಿಂತ ಅನ್ಯಾಯವನ್ನೇ ಹೆಚ್ಚು ಮಾಡಿದೆ. ಅವರ ಆಟದ ಅತ್ಯಂತ ಬಡವಾದ ಭಾಗವನ್ನು ಎತ್ತಿ ಹಿಡಿದು, ಸಮೃದ್ಧವಾದ ಭಾಗವನ್ನು ಅದು ಅಡಿಟಿಪ್ಪಣಿಗೆ ಇಳಿಸಿದೆ.

ಆ ಬಿರುದಿನ ಬುಡವೂ ಅಷ್ಟೇನೂ ಗಟ್ಟಿಯಲ್ಲ. ಮಿಸಾಕಾ ಆಡಿದ್ದು 1946ರಲ್ಲಿ ಹುಟ್ಟಿದ ಬಿಎಎ ಲೀಗ್‌ನಲ್ಲಿ. 1949ರಲ್ಲಿ ಅದು ತನಗಿಂತ ಹಳೆಯದಾದ ಎನ್‌ಬಿಎಲ್ ಜೊತೆ ಸೇರಿ ಎನ್‌ಬಿಎ ಆಯಿತು. ಆದರೆ ಎನ್‌ಬಿಎ ತನ್ನ ವಯಸ್ಸನ್ನು ಎಣಿಸುವುದು ಬಿಎಎಯಿಂದ. ಎನ್‌ಬಿಎಲ್‌ನ ಎರಡು ತಂಡಗಳಲ್ಲಿ 1942ರಲ್ಲೇ ಕಪ್ಪು ಆಟಗಾರರಿದ್ದರು. ಅದಕ್ಕೂ ಮೊದಲು, 1939ರಲ್ಲಿ, ಕಪ್ಪು ಆಟಗಾರರದೇ ಆದ ನ್ಯೂಯಾರ್ಕ್ ರೆನೈಸಾನ್ಸ್ ತಂಡ ಷಿಕಾಗೋದಲ್ಲಿ ವಿಶ್ವ ವೃತ್ತಿಪರ ಟೂರ್ನಿಯನ್ನೇ ಗೆದ್ದಿತ್ತು. ಹಾಗಾಗಿ ‘ಮೊದಲಿಗ’ ಎಂಬುದು ಯಾವ ಲೀಗ್‌ನ ದಾಖಲೆಯನ್ನು ಯಾರು ತಮ್ಮದೆಂದು ಒಪ್ಪಿಕೊಂಡರು ಎಂಬುದರಿಂದ ಬಂದ ಪಟ್ಟ. ಆ ಪ್ರವೇಶದಿಂದ ಬಾಗಿಲು ತೆರೆಯಲೂ ಇಲ್ಲ: ಎನ್‌ಬಿಎ ಕಪ್ಪು ಆಟಗಾರರನ್ನು ಕಣಕ್ಕಿಳಿಸಿದ್ದು 1950ರಲ್ಲಿ.

ಮಿಸಾಕಾರ ನಿಜವಾದ ಸಾಧನೆ ಕಾಲೇಜು ಆಟದಲ್ಲಿದೆ. 1944ರಲ್ಲಿ ಯೂಟಾ ವಿಶ್ವವಿದ್ಯಾಲಯ ಡಾರ್ಟ್‌ಮತ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 42–40ರಿಂದ ಸೋಲಿಸಿ ಎನ್‌ಸಿಎಎ ಟೂರ್ನಿ ಗೆದ್ದಾಗ ಅವರು ತಂಡದಲ್ಲಿದ್ದರು. ಜಪಾನಿ ಮೂಲದ ಸುಮಾರು 1,20,000 ಜನರನ್ನು ಅಮೆರಿಕ ಶಿಬಿರಗಳಿಗೆ ತಳ್ಳಿದ್ದ ಕಾಲವದು. ಅಂಥ ಶಿಬಿರಗಳಲ್ಲೊಂದಾದ ಟೋಪಾಜ್ ಇದ್ದದ್ದು ಯೂಟಾದಲ್ಲೇ. ಮಿಸಾಕಾರ ಊರು ಆಗ್ಡನ್ ತೆರವು ವಲಯದ ಹೊರಗಿದ್ದುದರಿಂದ ಅವರ ಕುಟುಂಬ ಪಾರಾಗಿತ್ತು. ಆಮೇಲೆ ಸೈನ್ಯ ಸೇರಿದ ಅವರನ್ನು ಹಿರೋಷಿಮಾದಲ್ಲಿ ಬದುಕುಳಿದವರನ್ನು ಮಾತನಾಡಿಸುವ ಕೆಲಸಕ್ಕೆ ನೇಮಿಸಲಾಯಿತು. ಅಲ್ಲಿಂದ ಮರಳಿದವರು 1947ರ ಎನ್‌ಐಟಿ ಎಂಬ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಬಲಾಢ್ಯ ಕೆಂಟಕಿಯ ಎದುರು ಇಳಿದರು. ಐದಡಿ ಏಳಂಗುಲದ ಈ ಆಟಗಾರ ಬೆನ್ನುಬಿಡದೆ ಕಾವಲು ಕಾದು, ಎದುರಾಳಿಯ ತಾರೆ ರಾಲ್ಫ್ ಬಿಯರ್ಡ್‌ಗೆ ದಕ್ಕಲು ಬಿಟ್ಟದ್ದು ಒಂದೇ ಒಂದು ಅಂಕ. ಯೂಟಾ 49–45ರಿಂದ ಗೆದ್ದಿತು. ಕಾವಲಿನ ಆಟಕ್ಕೆ ಆಗಿನ ಅಂಕಪಟ್ಟಿಯಲ್ಲಿ ಕಾಲಂ ಇಲ್ಲದ್ದರಿಂದಲೇ ನಿಕ್ಸ್‌ನ ಏಳು ಅಂಕ ಇಡೀ ಮನುಷ್ಯನ ಅಳತೆಗೋಲಾಯಿತು.

ಬಿರುದು ಇಲ್ಲದಿದ್ದರೆ ಮಿಸಾಕಾರನ್ನು ಯಾರು ನೆನೆಯುತ್ತಿದ್ದರು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 2012ರಲ್ಲಿ ಅದೇ ನಿಕ್ಸ್ ಅಂಗಿಯಲ್ಲಿ ಏಷ್ಯಾ ಮೂಲದ ಜೆರೆಮಿ ಲಿನ್ ಮಿಂಚಿದಾಗ ಹಳೆಯ ಹೆಸರು ಮತ್ತೆ ಕೇಳಿಬಂದದ್ದು ಆ ಬಿರುದಿನಿಂದಲೇ. ಆದರೆ ಓದುಗರನ್ನು ಕರೆತರುವುದಷ್ಟೇ ಬಿರುದಿನ ಕೆಲಸ. ಮೌಲ್ಯಮಾಪನ ಅಲ್ಲಿಗೇ ನಿಂತರೆ ಅದು ಸೋಮಾರಿತನ. ಅವರನ್ನು ಕೈಬಿಟ್ಟದ್ದು ಜನಾಂಗದ್ವೇಷದಿಂದ, ಆದ್ದರಿಂದ ಆ ಮೂರು ಪಂದ್ಯಗಳೇ ಮುಖ್ಯ ಸಾಕ್ಷ್ಯ ಎಂಬ ವಾದವೂ ಇದೆ. ಯುದ್ಧ ಮುಗಿದು ಎರಡೇ ವರ್ಷವಾಗಿದ್ದ ದೇಶದಲ್ಲಿ ಆ ಗುಮಾನಿ ಸಹಜ. ಮಿಸಾಕಾ ಮಾತ್ರ ಅದನ್ನು ಒಪ್ಪಲಿಲ್ಲ. ತಂಡದಲ್ಲಿ ಗಾರ್ಡ್‌ಗಳು ಹೆಚ್ಚಾಗಿದ್ದರು ಎಂದೇ ಹೇಳಿದರು. ನಮ್ಮ ಕಥೆಗೆ ಒಬ್ಬ ಹುತಾತ್ಮ ಬೇಕೆಂದು ಅವರ ಮಾತನ್ನು ತಳ್ಳಿಹಾಕುವುದು ಸರಿಯಲ್ಲ.

ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆದರೂ ಹೋಗದೆ ಅವರು ಯೂಟಾಕ್ಕೆ ಮರಳಿ ಎಂಜಿನಿಯರಿಂಗ್ ಪದವಿ ಮುಗಿಸಿದರು, ಅದೇ ವೃತ್ತಿಯಲ್ಲಿ ಬಾಳಿ 2019ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಇದನ್ನು ಮೊಟಕಾದ ಬದುಕು ಎನ್ನಲಾಗದು. ಮೊಟಕಾದದ್ದು ನಮ್ಮ ದಾಖಲೆ. 2022ರಲ್ಲಿ ಯೂಟಾ ವಿಶ್ವವಿದ್ಯಾಲಯ ಅವರ 20ನೇ ಸಂಖ್ಯೆಯ ಅಂಗಿಯನ್ನು ಗೌರವಪೂರ್ವಕವಾಗಿ ನಿವೃತ್ತಗೊಳಿಸಿತು. ಮಿಸಾಕಾರನ್ನು ಸರಿಯಾದ ಜಾಗದಲ್ಲಿ ಅಳೆದ ತೀರ್ಮಾನ ಅದು.