ಐತಿಹಾಸಿಕ ಕಾದಂಬರಿಯ ಪಾಠಕ್ರಮ: ‘ಚಿಕವೀರ ರಾಜೇಂದ್ರ’ವನ್ನು ಕುರಿತು ಒಂದು ವಿಚಾರ

ಪ್ರೌಢಶಾಲೆಯ ಕಡೆಯ ತರಗತಿಗಳಲ್ಲಿ ಸಾಹಿತ್ಯಾಭಿರುಚಿಯುಳ್ಳ ಕೆಲವರು ವಿದ್ಯಾರ್ಥಿಗಳನ್ನು ಆಯ್ದು, ಗೊತ್ತಾದ ಪಠ್ಯದ ಹೊರಗೆ ಒಂದು ಪೂರ್ಣಗ್ರಂಥವನ್ನು ಅವರೊಡನೆ ಓದುವುದು ಶ್ಲಾಘ್ಯವಾದ ಪದ್ಧತಿ. ಪಠ್ಯದ ಗದ್ಯಭಾಗಗಳು ನಾಲ್ಕಾರು ಪುಟಗಳಲ್ಲಿ ಮುಗಿದುಹೋಗುವುದರಿಂದ, ದೀರ್ಘವಾದ ಕಥಾಬಂಧವೊಂದನ್ನು ಆದ್ಯಂತವಾಗಿ ಗ್ರಹಿಸುವ ಅಭ್ಯಾಸವು ಮಕ್ಕಳಿಗೆ ಬೇರೆ ವಿಧದಲ್ಲಿ ಒದಗಲಾರದು. ಇಂತಹ ವರ್ಗಕ್ಕೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ವು ಸಹಜವಾಗಿಯೇ ಮೊದಲು ನೆನಪಿಗೆ ಬರುತ್ತದೆ. 1956ರಲ್ಲಿ ಹೊರಬಂದ ಈ ಗ್ರಂಥವು 1983ರ ಜ್ಞಾನಪೀಠ ಪುರಸ್ಕಾರಕ್ಕೆ ಪಾತ್ರವಾದುದು ಸರ್ವವಿದಿತ. ಶೈಲಿ ತಿಳಿಯಾದುದು, ಪದಾರ್ಥಕ್ಕಾಗಿ ನಿಘಂಟನ್ನು ಹುಡುಕುವ ಶ್ರಮವಿಲ್ಲ. ಆದರೆ ಮಾತು ಸುಲಭವಾದಲ್ಲಿ ಪಾಠವೂ ಸುಲಭವೆಂದು ಭಾವಿಸುವ ಉಪಾಧ್ಯಾಯನು ಮೋಸಹೋಗುವನು. ಇದನ್ನು ನಾನು ಅನುಭವದಿಂದ ಅರಿತೆನು.

ಕೊಡಗಿನ ಹಾಲೇರಿ ಮನೆತನದ ಕಡೆಯ ಅರಸು ಚಿಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದು 1834ರಲ್ಲಿ ರಾಜ್ಯವನ್ನು ಕಳೆದುಕೊಂಡನು. ಪಾನವ್ಯಸನಿಯೂ ಸಂಶಯಗ್ರಸ್ತನೂ ಆದ ಈ ಅರಸು, ಅವನ ಬಾಲ್ಯದ ಒಡನಾಡಿಯಾಗಿ ಮಂತ್ರಿಪದವಿಗೇರಿದ ಕುಂಟ ಬಸವ, ಸಹನಶೀಲೆಯಾದ ರಾಣಿ ಗೌರಮ್ಮ, ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ, ಗಡಿಯಾಚೆ ಸಮಯವನ್ನು ಕಾಯುತ್ತಿರುವ ಕಂಪೆನಿ ಸರ್ಕಾರ—ಇವರ ನಡುವೆ ಕಥೆಯು ನಡೆಯುತ್ತದೆ. ಅರ್ಧದಷ್ಟು ಓದಿ ಮುಗಿಸಿದ್ದಾಗ, ಕೊಡಗಿನ ಕಡೆಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಗುರುಗಳೆ, ರಾಜನು ಇಷ್ಟು ಕೆಟ್ಟವನಾಗಿದ್ದುದು ನಿಜವೆ? ನಮ್ಮ ಮನೆಯ ಹಿರಿಯರು ಹೀಗೆ ಹೇಳುವುದಿಲ್ಲ” ಎಂದಳು. “ಅಮ್ಮಾ, ಇದು ಕಾವ್ಯ, ಇಲ್ಲಿ ಆ ಪ್ರಶ್ನೆ ಸಲ್ಲದು” ಎಂದು ಉತ್ತರಿಸಿದೆನು. ಅವಳು ಸುಮ್ಮನೆ ಕುಳಿತಳು. ಆದರೆ ಒಪ್ಪಲಿಲ್ಲವೆಂಬುದು ಮುಖದಿಂದಲೇ ತಿಳಿಯುತ್ತಿದ್ದಿತು. ನನ್ನ ಉತ್ತರವು ಅಸಮರ್ಪಕವಾದುದೆಂದು ಈಗ ತೋರುತ್ತದೆ. ಏಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳುಂಟು. ಕಾದಂಬರಿಯು ಚರಿತ್ರೆಯನ್ನು ರುಚಿಕರವಾಗಿ ತಿಳಿಸುವ ಸಾಧನವಾದುದರಿಂದ, ಪ್ರತಿಯೊಂದು ಸಂಗತಿಯನ್ನೂ ಚರಿತ್ರೆಯೊಡನೆ ಹೋಲಿಸಿ ‘ಇದು ನಡೆದುದು, ಇದು ಕಲ್ಪಿತ’ ಎಂದು ವಿಂಗಡಿಸಿ ಹೇಳತಕ್ಕದ್ದೆಂಬುದು ಒಂದು ಪಕ್ಷ. ಹೀಗೆ ಮಾಡಿದರೆ ಕಡೆಯಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವುದು ಒಂದು ಪಟ್ಟಿಯೇ ಹೊರತು ಗ್ರಂಥವಲ್ಲ. ಇನ್ನೊಂದು ಪಕ್ಷವು ನಮ್ಮ ಆಲಂಕಾರಿಕರದು. ಇತಿವೃತ್ತವನ್ನು ಇದ್ದಂತೆ ನಿರ್ವಹಿಸುವುದರಿಂದ ಕವಿಗೆ ಪ್ರಯೋಜನವಿಲ್ಲ, ಆ ಕಾರ್ಯವು ಇತಿಹಾಸದಿಂದಲೇ ಸಿದ್ಧಿಸುತ್ತದೆ, ರಸಕ್ಕೆ ಪ್ರತಿಕೂಲವಾದ ಅಂಶವನ್ನು ಬಿಟ್ಟು ಅನುಕೂಲವಾದುದನ್ನು ಕಲ್ಪಿಸಿಕೊಳ್ಳಬೇಕು ಎಂದು ಆನಂದವರ್ಧನಾಚಾರ್ಯರು ಧ್ವನ್ಯಾಲೋಕದ ತೃತೀಯೋದ್ಯೋತದಲ್ಲಿ ಪ್ರತಿಪಾದಿಸಿರುವರು. ಆ ವಿದ್ಯಾರ್ಥಿನಿಗೆ ಉತ್ತರ ಕೊಟ್ಟಾಗ ನನ್ನ ಮನಸ್ಸಿನಲ್ಲಿದ್ದುದು ಈ ಮಾತೇ.

ಆಚಾರ್ಯರ ಮಾತು ಸತ್ಯ. ಆದರೆ ಅವರ ಕಣ್ಣೆದುರಿಗೆ ಇದ್ದುದು ರಾಮಾಯಣಾದಿಗಳಿಂದ ಬಂದ ಕಥೆಗಳು. ಅಲ್ಲಿ ಕವಿಯು ಏನನ್ನು ಮಾರ್ಪಡಿಸಿದರೂ ಮೂಲವು ಲೋಕದ ನಾಲಗೆಯಲ್ಲಿ ಭದ್ರವಾಗಿರುತ್ತದೆ. ಚಿಕವೀರರಾಜೇಂದ್ರನ ಸ್ಥಿತಿ ಹಾಗಲ್ಲ. ಹಾಲೇರಿಯವರ ಚರಿತ್ರೆಯಾದ ‘ರಾಜೇಂದ್ರನಾಮೆ’ಯು ದೊಡ್ಡವೀರರಾಜೇಂದ್ರನ ಕಾಲದಲ್ಲಿಯೇ ಮುಗಿಯುತ್ತದೆ; ಕಡೆಯ ಅರಸನನ್ನು ಕುರಿತು ಆಸ್ಥಾನದ ಕಡೆಯಿಂದ ಅಂತಹ ಗ್ರಂಥವಿಲ್ಲ. ಅವನ ವಿಷಯದಲ್ಲಿ ಹೆಚ್ಚಾಗಿ ಮಾತನಾಡಿದವರು ಅವನನ್ನು ಪದಚ್ಯುತಗೊಳಿಸಿದವರು ಮತ್ತು ಅವರ ಆಳಿಕೆಯ ಕಾಲದಲ್ಲಿ ಬರೆದವರು. ಇಂದಿನ ಸಾಮಾನ್ಯ ಕನ್ನಡಿಗನು ಆ ಅರಸನನ್ನು ಅರಿತಿರುವುದಾದರೂ ಬಹುಮಟ್ಟಿಗೆ ಈ ಕಾದಂಬರಿಯಿಂದಲೇ. ಹೀಗಿರುವಲ್ಲಿ ‘ನಿಜವೆ?’ ಎಂಬ ಪ್ರಶ್ನೆಯು ಅರಸಿಕತೆಯ ಲಕ್ಷಣವಲ್ಲ, ಧರ್ಮದ ಪ್ರಶ್ನೆ. ಉತ್ತರ ಕೊಡಲಾರದ ಮೃತನೊಬ್ಬನ ಪರವಾಗಿ ಅದು ಕೇಳಲ್ಪಟ್ಟಿತು.

ಹಾಗಾದರೆ ಸಿದ್ಧಾಂತವೇನು? ಕಾವ್ಯಕ್ಕೆ ಒಂದು ಪರೀಕ್ಷೆ, ದಾಖಲೆಗೆ ಇನ್ನೊಂದು. ಒಂದು ಮತ್ತೊಂದಕ್ಕೆ ಸಾಕ್ಷಿಯಾಗಬಾರದು. ಈ ಎರಡು ಪರೀಕ್ಷೆಗಳನ್ನೂ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸತಕ್ಕದ್ದು.

ಮೊದಲು ಕಾವ್ಯಪರೀಕ್ಷೆ. ‘ಈ ಗ್ರಂಥದ ನಾಯಕನಾರು?’ ಎಂಬ ಪ್ರಶ್ನೆಯಿಂದ ಆರಂಭಿಸುವುದು ಫಲಕಾರಿ. ಧನಂಜಯನು ದಶರೂಪಕದಲ್ಲಿ ಪ್ರತಿನಾಯಕನಿಗೆ ಹೇಳಿರುವ ಲಕ್ಷಣಗಳು—ಲೋಭ, ಔದ್ಧತ್ಯ, ಹಟ, ಪಾಪಕಾರಿತ್ವ, ವ್ಯಸನ—ಎಲ್ಲವೂ ಗ್ರಂಥಕ್ಕೆ ಹೆಸರು ಕೊಟ್ಟ ಅರಸನಲ್ಲಿಯೇ ಕಾಣಬರುತ್ತವೆ. ನಾಯಕನ ಪೀಠದಲ್ಲಿ ಪ್ರತಿನಾಯಕನು ಕುಳಿತಿರುವನು! ರಾಣಿಯೇ ನಾಯಕಸ್ಥಾನಕ್ಕೆ ಅರ್ಹಳೆಂದು ಕೆಲವರು ಹೇಳುವರು. ಸಿಂಹಾಸನಕ್ಕೂ ನಾಡಿಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದ ಬೋಪಣ್ಣನೆಂದು ಇನ್ನು ಕೆಲವರು. ಈ ಚರ್ಚೆಗೆ ಎರಡು ದಿನಗಳನ್ನು ಕೊಟ್ಟರೂ ನಷ್ಟವಿಲ್ಲ. ನನ್ನ ಮತದಲ್ಲಿ ಇಲ್ಲಿಯ ಅಂಗಿರಸವು ಕರುಣ. ಅದಕ್ಕೆ ಆಲಂಬನವು ಯಾವನೊಬ್ಬ ವ್ಯಕ್ತಿಯೂ ಅಲ್ಲ, ಕೈತಪ್ಪಿಹೋಗುತ್ತಿರುವ ರಾಜ್ಯವೇ. ಒಳ್ಳೆಯವರು ಹಲವರಿದ್ದೂ, ಅವರಲ್ಲೊಬ್ಬರೂ ಅದನ್ನು ಉಳಿಸಲಾರದೆ ಹೋದರು ಎಂಬುದರಲ್ಲಿ ಕಾದಂಬರಿಯ ಶಕ್ತಿಯಿದೆ.

ಕುಂಟ ಬಸವನ ಪಾತ್ರವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಪರಕೀಯರ ಬರಹಗಳಲ್ಲಿ ಅವನು ನಾಯಿಗಳನ್ನು ಕಾಯುತ್ತಿದ್ದು ಮೇಲಕ್ಕೇರಿದ, ಅರಸನ ದುಷ್ಕಾರ್ಯಗಳಿಗೆ ಕೈಯಾದ ಆಳು ಮಾತ್ರ. ಮಾಸ್ತಿಯವರು ಅವನಿಗೆ ಭಗವತಿಯೆಂಬ ತಾಯಿಯನ್ನೂ, ಅರಮನೆಯ ರಕ್ತವನ್ನೇ ಸೇರಿದ ಗುಪ್ತವಾದ ಹುಟ್ಟನ್ನೂ ಕೊಟ್ಟರು. ಕೂಡಲೇ ಆಳು ಮನುಷ್ಯನಾದನು. ಲಿಂಗರಾಜನ ದೋಷವು ಮಕ್ಕಳ ತಲೆಯ ಮೇಲೆ ಎರಗಿತು. ಇದು ದಾಖಲೆಯಿಂದ ಸಿದ್ಧಿಸುವ ಸತ್ಯವಲ್ಲ. ‘ಇಂತಹವನು ಇಂತಹವನಾಗುವುದು ಹೇಗೆ’ ಎಂಬುದನ್ನು ಕಾಣಿಸುವ ಸತ್ಯ. ಕಲ್ಪನೆಯ ಕಾರ್ಯವೇನೆಂಬುದನ್ನು ಬಾಲಕರಿಗೆ ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಎರಡನೆಯದು ಪ್ರಮಾಣಪರೀಕ್ಷೆ. ಇದಕ್ಕೆ ನ್ಯಾಯಶಾಸ್ತ್ರವು ನಮಗೆ ದಾರಿತೋರುತ್ತದೆ. ಆಪ್ತನ ಉಪದೇಶವೇ ಶಬ್ದಪ್ರಮಾಣ. ವಸ್ತುವನ್ನು ತಾನು ಕಂಡು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತ. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ವಾತ್ಸ್ಯಾಯನಭಾಷ್ಯವು ಹೇಳುತ್ತದೆ. ಆದುದರಿಂದ ಪರಕೀಯನ ಬರಹವೆಂಬ ಕಾರಣದಿಂದಲೇ ಯಾವುದನ್ನೂ ತಳ್ಳುವುದು ಯುಕ್ತವಲ್ಲ. ಅಚ್ಚಾಗಿದೆಯೆಂಬ ಕಾರಣದಿಂದಲೇ ಒಪ್ಪುವುದೂ ಯುಕ್ತವಲ್ಲ.

ಈ ಒರೆಗಲ್ಲಿಗೆ ಎರಡು ಬರಹಗಳನ್ನು ಉಜ್ಜಿಸಿ ನೋಡಬಹುದು. 1834ರ ಮೇ 7ರಂದು ಕರ್ನಲ್ ಫ್ರೇಸರನು ಹೊರಡಿಸಿದ ಘೋಷಣೆಯು, ಕೊಡಗಿನ ಜನರೆಲ್ಲರ ಏಕಾಭಿಪ್ರಾಯದಿಂದಲೇ ಕಂಪೆನಿಯು ನಾಡನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತೆಂದು ಸಾರುತ್ತದೆ. ಸೇನೆಯು ಮಡಿಕೇರಿಯನ್ನು ಹೊಕ್ಕುದು ಅದರ ಹಿಂದಿನ ತಿಂಗಳಿನಲ್ಲಿ. ಏಕಾಭಿಪ್ರಾಯವು ತಿಳಿದುಬಂದುದು ಹೇಗೆ? 1837ರಲ್ಲಿ ಹಾಲೇರಿ ಮನೆತನದ ಹೆಸರಿನಲ್ಲಿಯೇ ದಂಗೆಯೆದ್ದು ಮಂಗಳೂರಿನವರೆಗೆ ಹಬ್ಬಿದುದೇಕೆ? ಈ ಎರಡು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ಉಪಾಧ್ಯಾಯನು ಮೌನವಾಗಿರತಕ್ಕದ್ದು. ಎರಡನೆಯ ಬರಹ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಹರ್ಮನ್ ಮೋಗ್ಲಿಂಗನ ಕೊಡಗಿನ ವೃತ್ತಾಂತ. ಪ್ರಾಚೀನ ಕನ್ನಡ ಗ್ರಂಥಗಳನ್ನು ಮುದ್ರಿಸಿ ನಮ್ಮನ್ನು ಋಣಿಗಳನ್ನಾಗಿ ಮಾಡಿದ ಈತನು ಅರಸನನ್ನು ಕ್ರೂರಿಯೆಂದೇ ಚಿತ್ರಿಸಿರುವನು. ಆದರೆ ರಾಜ್ಯವು ಹೋಗಿ ಇಪ್ಪತ್ತು ವರ್ಷಗಳ ಅನಂತರ, ಕೇಳಿದುದನ್ನು ಆಧರಿಸಿ ಬರೆದವನು, ಮೇಲಾಗಿ ಮತಪ್ರಚಾರಕನು. ಆತನ ಮಾತು ಸುಳ್ಳೆಂದು ಇದರಿಂದ ಸಿದ್ಧವಾಗದು. ತೂಗಿ ನೋಡಬೇಕಾದುದೆಂದು ಮಾತ್ರ ಸಿದ್ಧವಾಗುತ್ತದೆ.

ಇಷ್ಟಾದ ಮೇಲೆ ಗ್ರಂಥಕ್ಕೆ ಹಿಂದಿರುಗಿದರೆ ಅದರ ಒಂದು ನ್ಯೂನತೆಯೂ ಗೋಚರವಾಗುವುದು. ಆಂಗ್ಲರ ತಂತ್ರವನ್ನು ಮಾಸ್ತಿಯವರು ಮರೆಮಾಚಿಲ್ಲ. ಆದರೆ ಕಥಾಸಂವಿಧಾನದಲ್ಲಿ ಅರಸನ ದುಶ್ಶೀಲವೇ ಉಪಾದಾನಕಾರಣ, ಕಂಪೆನಿಯ ಆಸೆ ನಿಮಿತ್ತ ಮಾತ್ರ. ‘ರಾಜನು ಕೆಟ್ಟುದರಿಂದ ರಾಜ್ಯವು ಹೋಯಿತು’ ಎಂಬ ನೀತಿಯಲ್ಲಿ ಕಾದಂಬರಿಯೂ ಘೋಷಣೆಯೂ ತಿಳಿಯದೆಯೇ ಕೈಕುಲುಕುತ್ತವೆ. ಒಳ್ಳೆಯ ಅರಸರ ರಾಜ್ಯಗಳೂ ಆ ಕಾಲದಲ್ಲಿ ಉಳಿಯುತ್ತಿದ್ದುವೆ ಎಂಬ ಪ್ರಶ್ನೆಯನ್ನು ಗ್ರಂಥವು ತಾನಾಗಿ ಎತ್ತುವುದಿಲ್ಲ. ಅದನ್ನು ವರ್ಗವು ಎತ್ತಬೇಕು. ಮಹಾಕೃತಿಗೆ ಇದರಿಂದ ಕುಂದಿಲ್ಲ. ದೋಷವನ್ನು ತೋರಿಸಿಯೂ ಗೌರವವನ್ನು ಉಳಿಸಿಕೊಳ್ಳಬಹುದೆಂಬುದು ಸಮರ್ಥರಾದ ವಿದ್ಯಾರ್ಥಿಗಳು ಕಲಿಯತಕ್ಕ ಮುಖ್ಯವಾದ ಪಾಠ.

ಪದಚ್ಯುತನಾದ ಅರಸು ವೇಲೂರು, ಕಾಶಿಗಳಲ್ಲಿದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, ಕಂಪೆನಿಯಲ್ಲಿ ತೊಡಗಿಸಿದ್ದ ಹಣಕ್ಕಾಗಿ ಅವರದೇ ನ್ಯಾಯಾಸ್ಥಾನದಲ್ಲಿ ವ್ಯಾಜ್ಯ ಹೂಡಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮಗಳು ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಮತಾಂತರ ಹೊಂದಿದಳು. ಇದನ್ನು ಕಡೆಯ ದಿನ ಹೇಳಿದಾಗ ವರ್ಗವು ಬಹಳ ಹೊತ್ತು ನಿಶ್ಶಬ್ದವಾಗಿದ್ದಿತು. ಮೊದಲು ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿಯೇ, “ಕೆಟ್ಟವನಾಗಿದ್ದರೂ ಅವನ ಮಾತನ್ನೂ ಯಾರಾದರೂ ಬರೆದಿಟ್ಟಿರಬೇಕಾಗಿತ್ತು” ಎಂದಳು. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ.