ಭಾನುವಾರದ ಊಟ: ನೋಡುವ ಬಗೆ

ಆಂಗ್ ಲೀ ನಿರ್ದೇಶನದ ‘ಈಟ್ ಡ್ರಿಂಕ್ ಮ್ಯಾನ್ ವುಮನ್’ (1994) ನೋಡುವುದಾದರೆ ಹಸಿದ ಹೊಟ್ಟೆಯಲ್ಲಿ ಕೂರಬೇಡಿ. ತೈಪೆಯ ಹೆಸರಾಂತ ಬಾಣಸಿಗ ಚು ಭಾನುವಾರದ ಅಡುಗೆಗೆ ಇಳಿಯುವುದರಿಂದಲೇ ಚಿತ್ರ ಶುರು. ಮೀನು ಸೀಳುತ್ತಾನೆ, ಬಾತುಕೋಳಿಯ ಚರ್ಮದೊಳಗೆ ಗಾಳಿ ಊದುತ್ತಾನೆ, ಹಬೆಯ ನಡುವೆ ಓಡಾಡುತ್ತಾನೆ. ಹೊಸಬರು ಇಲ್ಲೇ ಮೈಮರೆಯುತ್ತಾರೆ, ಮರೆಯಲಿ.

ಆದರೆ ಊಟ ಶುರುವಾದ ಮೇಲೆ ತಟ್ಟೆ ಬಿಟ್ಟು ಕೈಗಳನ್ನು ನೋಡಿ. ದಿನವಿಡೀ ಬೇಯಿಸಿದ್ದನ್ನು ಮೂವರು ಹೆಣ್ಣುಮಕ್ಕಳು ಶಾಸ್ತ್ರಕ್ಕೆಂಬಂತೆ ತಿನ್ನುತ್ತಾರೆ. ಯಾರೋ ಒಬ್ಬರು ‘ಒಂದು ವಿಷಯ ಹೇಳಬೇಕು’ ಎಂದರೆ ಸಾಕು, ಚಾಪ್‌ಸ್ಟಿಕ್ಸ್ ನಿಂತುಬಿಡುತ್ತವೆ. ಊಟ ಈ ಮನೆಯನ್ನು ಒಂದುಗೂಡಿಸುತ್ತದೆ ಎಂದು ನಂಬಿ ನೋಡಿದರೆ ಚಿತ್ರ ಕೈತಪ್ಪುತ್ತದೆ. ಮನೆ ಬಿಡುವ ಸುದ್ದಿಗಳೆಲ್ಲ ಹೊರಬೀಳುವುದು ಈ ಮೇಜಿನ ಮೇಲೆಯೇ.

ಅಕ್ಕತಂಗಿಯರ ಜಗಳ ಮಾತ್ರ ಅಲ್ಲಿ ಅಷ್ಟಾಗಿ ಕಾಣದು. ತಾಯಿ ತೀರಿಕೊಂಡ ಮೇಲೆ ದೊಡ್ಡವಳು ಜಿಯಾ-ಜೆನ್ ತಾನೇ ತಾಯಿಯಾಗಿಬಿಟ್ಟಿದ್ದಾಳೆ. ಕಾಲೇಜು ದಿನಗಳ ಪ್ರೇಮಭಂಗದ ಕಥೆಯೊಂದು ಅವಳಿಗೆ ರಕ್ಷಾಕವಚ. ಎರಡನೆಯವಳು ಜಿಯಾ-ಚಿಯೆನ್ ವಿಮಾನ ಕಂಪನಿಯ ಅಧಿಕಾರಿ. ಅವಳ ನಿಜವಾದ ಆಸೆ ಸೌಟು ಹಿಡಿಯುವುದು. ಓದಿ ಮುಂದೆ ಬರಲಿ ಎಂದು ಅಪ್ಪನೇ ಅಡುಗೆಮನೆಯಿಂದ ಹೊರಗೆ ಕಳಿಸಿದ್ದಾನೆ. ಅಕ್ಕನಿಗೆ ಅಮ್ಮನ ಜಾಗ ಸಿಕ್ಕಿತು, ತನಗೆ ಅಪ್ಪನ ಜಾಗ ಸಿಗಲಿಲ್ಲ ಎಂಬುದು ಅವಳ ಸಂಕಟ ಎಂದು ನನಗನ್ನಿಸುತ್ತದೆ. ಅಕ್ಕನ ಆ ಹಳೆಯ ಪ್ರೇಮಕಥೆಯ ಬುಡ ಅಲುಗುವುದೂ ಇವಳಿಂದಲೇ. ಕಿರಿಯವಳು ಜಿಯಾ-ನಿಂಗ್ ಫಾಸ್ಟ್‌ಫುಡ್ ಅಂಗಡಿಯಲ್ಲಿ ದುಡಿಯುತ್ತಾಳೆ. ಮಹಾ ಬಾಣಸಿಗನ ಮಗಳು! ನಿರ್ದೇಶಕರ ತುಂಟತನ ಇಂಥ ಕಡೆ ಗೊತ್ತಾಗುತ್ತದೆ.

ಅಪ್ಪನ ನಾಲಿಗೆ ರುಚಿ ಕಳೆದುಕೊಂಡಿದೆ. ಹೋಟೆಲಿನ ಹಳೆಯ ಗೆಳೆಯ ವೆನ್ ರುಚಿ ನೋಡುವಾಗ ಅವನ ಮುಖ ಓದಿ ಉಪ್ಪು-ಹುಳಿ ತಿಳಿಯಬೇಕು. ಮಗಳು ಮನೆಯೂಟದಲ್ಲಿ ತಪ್ಪು ಹಿಡಿದಾಗ ಅಪ್ಪನಿಗೇಕೆ ಅಷ್ಟು ಚುರುಕ್ ಎನ್ನುತ್ತದೆ ಎಂಬುದು ಇದರಿಂದ ಅರ್ಥವಾದೀತು. ಚು ಪಾತ್ರ ಮಾಡಿದ ಸಿಹುಂಗ್ ಲುಂಗ್, ಲೀ ಅವರ ‘ಪುಷಿಂಗ್ ಹ್ಯಾಂಡ್ಸ್’ ಮತ್ತು ‘ದ ವೆಡ್ಡಿಂಗ್ ಬ್ಯಾಂಕ್ವೆಟ್’ನಲ್ಲೂ ಅಪ್ಪನೇ. ಮೂರನ್ನೂ ನೋಡಿದರೆ ಒಳ್ಳೆಯದು, ಇದೊಂದನ್ನೇ ನೋಡಿದರೂ ನಷ್ಟವಿಲ್ಲ.

ಒಂದು ದೃಶ್ಯವನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡಿ. ಪಕ್ಕದ ಮನೆಯ ಪುಟ್ಟ ಹುಡುಗಿ ಶಾನ್-ಶಾನ್‌ಗೆ ಚು ಗುಟ್ಟಾಗಿ ಶಾಲೆಗೆ ಡಬ್ಬಿ ಒಯ್ಯುತ್ತಾನೆ. ಅವಳಮ್ಮ ಕಟ್ಟಿಕೊಟ್ಟ ಸಪ್ಪೆ ಡಬ್ಬಿಯನ್ನು ತಾನು ತಿನ್ನುತ್ತಾನೆ. ಇಡೀ ತರಗತಿ ಅವನ ಅಡುಗೆಗೆ ಮುಗಿಬೀಳುತ್ತದೆ. ಚಿತ್ರದ ಕೊನೆಯಲ್ಲಿ ಅಪ್ಪನೂ ಎದ್ದು ‘ಒಂದು ವಿಷಯ’ ಹೇಳುತ್ತಾನೆ. ಆ ಡಬ್ಬಿ ನೆನಪಿದ್ದವರು ಮೇಜಿನ ಸುತ್ತ ಕೂತವರಷ್ಟು ಬೆಚ್ಚಿಬೀಳುವುದಿಲ್ಲ.