ಲಿಬ್ರೆಆಫೀಸಿನ ಎಂಟರ್‌ಪ್ರೈಸ್ ಲೆಕ್ಕ: ಹುಕ್ಕೇರಿ ಕಡೆಯಿಂದ ನೋಡಿದಾಗ

2020ರ ಜುಲೈ ಮೊದಲ ವಾರ ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ 7.0ರ ಪರೀಕ್ಷಾ ಪ್ರತಿಯನ್ನು ಇಳಿಸಿಕೊಂಡವರಿಗೆ ಹೆಸರಿನ ಪಕ್ಕದಲ್ಲಿ ‘ಪರ್ಸನಲ್ ಎಡಿಷನ್’ ಎಂಬ ಹೊಸ ಬಾಲಂಗೋಚಿ ಕಂಡಿತು. ಹತ್ತು ವರ್ಷಗಳಿಂದ ಮನೆಗೂ ಕಚೇರಿಗೂ ಒಂದೇ ಆಗಿದ್ದ ತಂತ್ರಾಂಶಕ್ಕೆ ಇದೇಕೆ ಎಂದು ಸ್ವಯಂಸೇವಕರು ಗದ್ದಲ ಎಬ್ಬಿಸಿದರು. ಅದನ್ನು ನೋಡಿಕೊಳ್ಳುವ ಬರ್ಲಿನ್ನಿನ ಡಾಕ್ಯುಮೆಂಟ್ ಫೌಂಡೇಶನ್ 2020ರಿಂದ 2025ರವರೆಗಿನ ಪ್ರಚಾರ ಯೋಜನೆಯ ಕರಡೊಂದನ್ನು ಹೊಸೆದಿತ್ತು. ಪುಕ್ಕಟೆ ಪ್ರತಿಗೆ ಒಂದು ಹಣೆಪಟ್ಟಿ, ಕೊಲಾಬೊರಾದಂಥ ಕಂಪನಿಗಳು ಸೇವೆಯ ಸಮೇತ ಮಾರುವ ಪ್ರತಿಗೆ ‘ಎಂಟರ್‌ಪ್ರೈಸ್’ ಎಂಬ ಇನ್ನೊಂದು ಹಣೆಪಟ್ಟಿ. ಕರಡಿನ ತಿರುಳು ಇಷ್ಟೇ. ಆಗಸ್ಟ್ 5ರಂದು 7.0 ಹೊರಬಂದಾಗ ಬಾಲಂಗೋಚಿ ಮಾಯವಾಗಿತ್ತು. 2021ರ ಫೆಬ್ರವರಿಯ 7.1ರಲ್ಲಿ ‘ಕಮ್ಯುನಿಟಿ’ ಎಂಬ ಮೆತ್ತನೆಯ ಹೆಸರಿನಲ್ಲಿ ಮರಳಿ ಬಂತು.

ಯೋಜಕರಿಗೆ ಸಲ್ಲಬೇಕಾದ ನ್ಯಾಯವನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಲಿಬ್ರೆಆಫೀಸ್ ಸ್ವಯಂಸೇವಕರದು ಎಂಬ ಮಾತು ಅರ್ಧ ನಿಜ. 2010ರ ಸೆಪ್ಟೆಂಬರ್‌ನಲ್ಲಿ ಒರಾಕಲ್ ಕಂಪನಿಯ ನೆರಳಿನಿಂದ ಹೊರಬಂದು ಅದನ್ನು ಕಟ್ಟಿದ್ದು ಸಮುದಾಯವೇ. ಅನುವಾದ, ಪರೀಕ್ಷೆ, ಪ್ರಚಾರಗಳನ್ನು ಈಗಲೂ ಹೊತ್ತಿರುವವರು ಹೆಚ್ಚಾಗಿ ಅವರೇ. ಆದರೆ ಕೋಡ್‌ನ ಹೆಚ್ಚಿನ ಪಾಲನ್ನು ಆಗ ಬರೆಯುತ್ತಿದ್ದವರು ಕೊಲಾಬೊರಾ, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದ ಎಂಜಿನಿಯರುಗಳು. ಸಾವಿರಾರು ಕಂಪ್ಯೂಟರುಗಳಿಗೆ ಪುಕ್ಕಟೆಯಾಗಿ ಹಾಕಿಕೊಂಡ ದೊಡ್ಡ ಕಚೇರಿಗಳು ಒಂದು ಪೈಸೆಯನ್ನೂ ಹಿಂದಿರುಗಿಸದಿದ್ದರೆ ಆ ಸಂಬಳ ಎಲ್ಲಿಂದ ಬರಬೇಕು? ರೆಡ್ ಹ್ಯಾಟ್ 2023ರಲ್ಲಿ ತನ್ನ ಮುಂದಿನ ಲಿನಕ್ಸ್ ಆವೃತ್ತಿಗಳಿಗೆ ಲಿಬ್ರೆಆಫೀಸ್ ಪ್ಯಾಕೇಜ್ ಸಿದ್ಧಪಡಿಸುವುದನ್ನು ಕೈಬಿಟ್ಟಾಗ ಈ ಭಯ ಸುಳ್ಳಲ್ಲ ಎಂದಾಯಿತು. ಯೋಜಕರು ರೋಗವನ್ನು ಸರಿಯಾಗಿಯೇ ಹಿಡಿದಿದ್ದರು.

ಕೆಟ್ಟದ್ದು ಮದ್ದು. ಹಣ ಕೇಳಬೇಕಾದದ್ದು ಹೊಣೆಗಾರಿಕೆಗೆ: ಕರೆ ಮಾಡಿದರೆ ಇಷ್ಟು ಗಂಟೆಯೊಳಗೆ ಉತ್ತರ, ವರ್ಷಗಟ್ಟಲೆ ಭದ್ರತಾ ತಿದ್ದುಪಡಿ, ಕಡತ ಕೆಟ್ಟರೆ ಸರಿಪಡಿಸಿಕೊಡುವ ಕರಾರು. ಪುಕ್ಕಟೆ ಪ್ರತಿಯ ಒಂದೊಂದು ಆವೃತ್ತಿಗೆ ತಿದ್ದುಪಡಿಗಳು ಬರುವುದು ಒಂಬತ್ತು ತಿಂಗಳ ಆಸುಪಾಸು ಮಾತ್ರ. ಕಚೇರಿಗೆ ಹೇಳಬೇಕಿದ್ದದ್ದು ಇದನ್ನು. ಅದನ್ನು ಬಿಟ್ಟು, ಬಳಕೆದಾರನ ಪ್ರತಿಯ ಮೇಲೆ ‘ಇದು ನಿನ್ನ ಖಾಸಗಿ ಬಳಕೆಗೆ’ ಎಂಬಂತೆ ಬರೆದರೆ, ಲೈಸನ್ಸ್ ಕೊಟ್ಟ ಹಕ್ಕನ್ನು ಹಣೆಪಟ್ಟಿ ಕಸಿದುಕೊಂಡಂತೆ ಕಾಣುತ್ತದೆ. ಹಾಗೆಂದು ಇದು ದ್ರೋಹವೇನೂ ಅಲ್ಲ. ದ್ರೋಹಕ್ಕೆ ಹತ್ತಿರದ ಉದಾಹರಣೆ ಬೇಕಿದ್ದರೆ ನಮ್ಮ ಎಷ್ಟೋ ಕಾಲೇಜು ಗ್ರಂಥಾಲಯಗಳಿಗೆ ಗೊತ್ತಿರುವ ಕೋಹಾ ತಂತ್ರಾಂಶ ಇದೆ. ಲಿಬ್‌ಲೈಮ್ ಎಂಬ ಕಂಪನಿ 2009ರಲ್ಲಿ ‘ಎಂಟರ್‌ಪ್ರೈಸ್ ಕೋಹಾ’ ಎಂದು ತನ್ನದೇ ಕವಲು ತೆಗೆದು ಸಮುದಾಯದಿಂದ ದೂರ ಸರಿಯಿತು, ಹೆಸರಿನ ಟ್ರೇಡ್‌ಮಾರ್ಕಿಗೂ ಮುಂದೆ ಜಗಳವಾಯಿತು. ಆದರೆ ಲಿಬ್ರೆಆಫೀಸಿನಲ್ಲಿ ದುಡ್ಡು ಕೊಟ್ಟವರಿಗಾಗಿ ಮಾಡಿದ ತಿದ್ದುಪಡಿ ಸಾಮಾನ್ಯವಾಗಿ ಎಲ್ಲರ ಪ್ರತಿಗೂ ಬಂದು ಸೇರುತ್ತದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗೂ ಬರ್ಲಿನ್ನಿನ ಈ ಪಂಚಾಯ್ತಿಗೂ ಏನು ಸಂಬಂಧ ಎನ್ನಬಹುದು. ಇಲ್ಲಿಯ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಸೊಸೈಟಿಯ ವಾರ್ಷಿಕ ವರದಿಯವರೆಗೆ ಎಲ್ಲವೂ ತಯಾರಾಗುವುದು ನುಡಿ ಫಾಂಟು, ವರ್ಡ್, ಪೇಜ್‌ಮೇಕರ್‌ಗಳಲ್ಲಿ. ಅವುಗಳಲ್ಲಿ ಎಷ್ಟು ಖರೀದಿಸಿದವು, ಎಷ್ಟು ಕ್ರ್ಯಾಕ್ ಮಾಡಿದವು ಎಂದು ಯಾರೂ ಕೇಳುವುದಿಲ್ಲ. ಕಾರ್ಯದರ್ಶಿಯೊಬ್ಬರು ಲಿಬ್ರೆಆಫೀಸಿಗೆ ಬರುತ್ತಾರೆ ಎಂದುಕೊಳ್ಳೋಣ. ಹಳೆಯ ಫಾಂಟು ಇಲ್ಲದ ಯಂತ್ರದಲ್ಲಿ ಹತ್ತು ವರ್ಷದ ಹಿಂದಿನ ಠರಾವು ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಏಕೆಂದರೆ ಹಳೆಯ ಕಡತದಲ್ಲಿರುವುದು ಯೂನಿಕೋಡ್ ಅಲ್ಲ, ಕನ್ನಡದ ವೇಷ ತೊಟ್ಟ ಆಸ್ಕಿ. ಪರಿವರ್ತಕಗಳಿವೆ, ಅರವಿಂದ ವಿ.ಕೆ. ಅವರಂಥವರು ಮುಕ್ತವಾಗಿಯೇ ಬರೆದುಕೊಟ್ಟಿದ್ದಾರೆ. ಆದರೆ ಕೋಷ್ಟಕ, ಅಡಿಟಿಪ್ಪಣಿ, ಸಹಿಯ ಜಾಗ ಎಲ್ಲ ಉಳಿಸಿಕೊಂಡು ಮೂರು ಕಪಾಟಿನಷ್ಟು ಕಡತಗಳನ್ನು ದಾಟಿಸುವುದು ಬೇರೆಯೇ ಕೆಲಸ. ಅದರ ಮೇಲೆ ಅರ್ಕಾವೊತ್ತು ಒಂದು ಫಾಂಟಿನಲ್ಲಿ ಸರಿ, ಇನ್ನೊಂದರಲ್ಲಿ ಅಡ್ಡಾದಿಡ್ಡಿ. ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬೇಕು, ಪದಪರೀಕ್ಷೆ ‘ಮಾಡಿಸಿಕೊಳ್ಳುತ್ತಿದ್ದರು’ ಎಂಬಂಥ ಉದ್ದದ ಕ್ರಿಯಾಪದಕ್ಕೆ ಕೆಂಪು ಗೆರೆ ಎಳೆಯಬಾರದು. ಜನರಲ್ ಬಾಡಿಯ ಹಿಂದಿನ ರಾತ್ರಿ ಇದರಲ್ಲಿ ಒಂದು ಕೈಕೊಟ್ಟರೆ ಯಾರಿಗೆ ಫೋನ್ ಮಾಡುವುದು?

ಎಂಟರ್‌ಪ್ರೈಸ್ ಲೆಕ್ಕದ ದೊಡ್ಡ ತೂತು ಇಲ್ಲಿದೆ. ಹಣ ಕೊಡುವ ಗ್ರಾಹಕನ ತೊಂದರೆ ಮೊದಲು ಸರಿಹೋಗುತ್ತದೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸಿಗೆ ದಾಟಿಸುವುದಾಗಿ ಸಾರಿತು. ಒಳ್ಳೆಯದೇ, ಆ ರಾಜ್ಯಕ್ಕೆ ವರ್ಡ್ ಕಡತದ ಅಂಚು ತಪ್ಪಬಾರದು, ಆ ತಿದ್ದುಪಡಿ ನಮಗೂ ಸಿಗುತ್ತದೆ. ಅರ್ಕಾವೊತ್ತಿನ ಚಿಂತೆ ಆ ರಾಜ್ಯಕ್ಕೆ ಬೇಕಿಲ್ಲ. ಕನ್ನಡಕ್ಕಾಗಿ ಕರಾರು ಮಾಡಿಕೊಳ್ಳುವ ಗಿರಾಕಿ ಇರದಿದ್ದರೆ ನಮ್ಮ ದೋಷಗಳು ಯಾರಾದರೂ ಸ್ವಯಂಸೇವಕರ ರವಿವಾರದ ಬಿಡುವಿಗೆ ಕಾಯುತ್ತ ಕೂರಬೇಕು.

ಹುಕ್ಕೇರಿ ತಾಲ್ಲೂಕಿನವರಿಗೆ ಇಂಥ ಪ್ರಶ್ನೆಗೆ ಒಂದು ಹಳೆಯ ಉತ್ತರ ಗೊತ್ತಿದೆ. 1969ರ ಸುಮಾರಿಗೆ ಗ್ರಾಮೀಣ ವಿದ್ಯುದೀಕರಣ ನಿಗಮ ದೇಶದ ಐದು ಕಡೆ ಪ್ರಯೋಗಕ್ಕೆಂದು ವಿದ್ಯುತ್ ಸಹಕಾರ ಸಂಘಗಳನ್ನು ಕಟ್ಟಿಸಿತು. ಅವುಗಳಲ್ಲಿ ಹುಕ್ಕೇರಿಯದೂ ಒಂದು, ಕರ್ನಾಟಕದಲ್ಲಿ ಅದೊಂದೇ. ಕರೆಂಟು ಬಳಸುವವರೇ ಸದಸ್ಯರು. ಸಂಘ ಈಗ ಹೆಸ್ಕಾಂನಿಂದ ವಿದ್ಯುತ್ ಕೊಂಡು ಹಂಚುತ್ತದೆ, ದರವನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸದಸ್ಯನೇ ಕಂಬ ಹತ್ತಬೇಕಿಲ್ಲ, ಸಂಘಕ್ಕೆ ಸಂಬಳದ ಲೈನ್‌ಮನ್ ಇದ್ದಾನೆ. ಮನೆಗೆ ‘ಸಾದಾ ಕರೆಂಟು’, ಕಾರ್ಖಾನೆಗೆ ‘ಅಸಲಿ ಕರೆಂಟು’ ಎಂದು ಅದು ಬೋರ್ಡು ಹಾಕಲಿಲ್ಲ. ಹರಿಯುವುದು ಒಂದೇ ವಿದ್ಯುತ್ತು, ಬೇರೆಯಾಗುವುದು ದರ ಮತ್ತು ಕರಾರು. ಸಹಕಾರವೆಂದರೆ ಸಕ್ಕರೆಯಲ್ಲ ಎಂಬುದೂ ಇಲ್ಲಿಯವರಿಗೆ ಗೊತ್ತು. ಆಗಿನ ಅಹ್ಮದ್‌ನಗರದ ಮುಳಾ-ಪ್ರವರಾ ವಿದ್ಯುತ್ ಸಹಕಾರ ಸಂಘ 2011ರಲ್ಲಿ ವಿತರಣೆಯ ಹಕ್ಕನ್ನೇ ಕಳೆದುಕೊಂಡಿತು. ಹುಕ್ಕೇರಿಯಲ್ಲಿ ಆಡಳಿತ ಮಂಡಳಿಯ ಚುನಾವಣೆ ವಿಧಾನಸಭೆಯ ಚುನಾವಣೆಗೆ ಕಡಿಮೆ ಇಲ್ಲದಂತೆ ನಡೆಯುತ್ತದೆ. ಬರ್ಲಿನ್ನಿನವರೂ ಈ ರಾಜಕೀಯದಿಂದ ಪಾರಾಗಿಲ್ಲ: ಒಂದೇ ಕಂಪನಿಯವರು ಮಂಡಳಿಯ ಮೂರನೇ ಒಂದು ಪಾಲು ಮೀರಬಾರದೆಂಬ ನಿಯಮವಿದ್ದೂ, 2020ರ ನಂತರ ಹಿತಾಸಕ್ತಿಯ ಜಗಳ ಅವರನ್ನು ಬಿಡಲಿಲ್ಲ.

ಆದ್ದರಿಂದ ಆ ಯೋಜನೆಗಿಂತ ಫೌಂಡೇಶನ್ ಆಮೇಲೆ ಸದ್ದಿಲ್ಲದೆ ಮಾಡಿದ ಎರಡು ಕೆಲಸಗಳು ನನಗೆ ಹೆಚ್ಚು ಹಿಡಿಸುತ್ತವೆ. 2022ರಲ್ಲಿ ಆಪಲ್‌ನ ಅಂಗಡಿಯಲ್ಲಿ ಅದೇ ತಂತ್ರಾಂಶಕ್ಕೆ ಸಣ್ಣ ಬೆಲೆ ಇಟ್ಟಿತು. ಬೇಡವಾದವರು ಪುಕ್ಕಟೆ ಇಳಿಸಿಕೊಳ್ಳಲು ದಾರಿ ತೆರೆದೇ ಇತ್ತು. ಅದಕ್ಕಿಂತ ಮುಖ್ಯವಾಗಿ, ದೇಣಿಗೆಯ ಹಣದಿಂದ ತಾನೇ ಡೆವಲಪರುಗಳನ್ನು ನೇಮಿಸಿಕೊಳ್ಳತೊಡಗಿತು, ಅದರಲ್ಲಿ ಒಂದು ಹುದ್ದೆ ಅರಬ್ಬಿಯಂಥ ಬಲದಿಂದ ಎಡಕ್ಕೆ ಹರಿಯುವ ಮತ್ತು ನಮ್ಮಂಥ ಒತ್ತಕ್ಷರದ ಲಿಪಿಗಳಿಗೆ. ಮಾರುಕಟ್ಟೆ ತುಂಬದ ತೂತನ್ನು ಸಾಮೂಹಿಕ ಹಣ ತುಂಬುವುದೆಂದರೆ ಇದೇ.

ಇಷ್ಟಾದರೂ ಆ ಹುದ್ದೆಯ ಡೆವಲಪರ್‌ಗೆ ಕನ್ನಡ ಬರಲೇಬೇಕೆಂದಿಲ್ಲ. ಕೆಟ್ಟ ಕಡತದ ಮಾದರಿ, ಯಾವ ಫಾಂಟು, ಯಾವ ಒತ್ತು, ಸರಿಯಾಗಿ ಹೇಗಿರಬೇಕು ಎಂಬ ವಿವರವನ್ನು ಇಂಗ್ಲಿಷಿನಲ್ಲಿ ಯಾರಾದರೂ ಬರೆದುಕೊಡಬೇಕು. ಲಗ್ನದ ಸೀಸನ್ನಿನಲ್ಲಿ ಗೋಕಾಕದ ಡಿಟಿಪಿ ಅಂಗಡಿಯವನಿಗೆ ಅದಕ್ಕೆ ಪುರುಸೊತ್ತಿಲ್ಲ, ಸೊಸೈಟಿಯ ಬಜೆಟ್ಟಿನಲ್ಲಿ ಅಂಥ ಬಾಬತ್ತಿಲ್ಲ. ಐದು ವರ್ಷದ ಆ ಯೋಜನೆ ಇವರ ಪರವಾಗಿ ಈ ಕೆಲಸ ಮಾಡುವವರಿಗೆ ಹಣೆಪಟ್ಟಿಯನ್ನಾಗಲಿ ಸಂಬಳವನ್ನಾಗಲಿ ಯೋಚಿಸಿರಲಿಲ್ಲ.